ಸಿಕು ತರಿಸಿದೆ, ಅರ್ಧ ಸ್ವರಗಳೇ ಇಲ್ಲ. ಮೋಸ ಹೋದೆನಾ?

ಊದುಗೊಳವೆ:
ಎಲ್ಲರಿಗೂ ನಮಸ್ಕಾರ. ಪೆರು, ಬೊಲಿವಿಯಾ ಕಡೆಯ ಜನಪದ ಸಂಗೀತ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ? ರಾತ್ರಿ ಮಲಗುವಾಗ ಆ ಬಿದಿರು ಕೊಳವೆಗಳ ಸಂಗೀತ ಕೇಳುವ ಚಟ ನನಗೆ ಎರಡು ಮೂರು ವರ್ಷದಿಂದ ಇದೆ. ಹೋದ ತಿಂಗಳು ಧೈರ್ಯ ಮಾಡಿ ಆನ್‌ಲೈನ್‌ನಲ್ಲಿ ಸಿಕು ಅನ್ನುವ ಆ ಕೊಳವೆವಾದ್ಯ ಒಂದನ್ನು ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಆರೇ ಕೊಳವೆ. ಎಲ್ಲಕ್ಕಿಂತ ಉದ್ದದ್ದು ಸುಮಾರು 26 ಸೆಂಟಿಮೀಟರ್. ಫೋನಿನ ಟ್ಯೂನರ್ ಇಟ್ಟು ನೋಡಿದೆ. ಇ, ಜಿ, ಬಿ, ಡಿ, ಎಫ್ ಶಾರ್ಪ್, ಎ ಅಂತ ತೋರಿಸಿತು. ಅಂದರೆ ಇ ಅನ್ನು ಷಡ್ಜ ಮಾಡಿಕೊಂಡರೆ ಸ, ಗ, ಪ, ನಿ, ಆಮೇಲೆ ಮೇಲಿನ ರಿ, ಮ. ನಡುವಿನ ಸ್ವರಗಳೇ ಮಾಯ! ಹಿಂದೆ ಇನ್ನೊಂದು ಸಾಲು ಕೊಳವೆ ಕಟ್ಟಿದ್ದಾರೆ, ಅವುಗಳ ತಳವೇ ತೆರೆದಿದೆ, ಊದಿದರೆ ಸರಿಯಾಗಿ ಸದ್ದೇ ಬರಲ್ಲ. ಮಾರಿದವರನ್ನು ಕೇಳಿದರೆ ವಾಪಸ್ ತಗೊಳ್ಳಲ್ಲ ಅಂದರು. ಎಂಟು ಸಾವಿರ ರೂಪಾಯಿ ನೀರಿಗೆ ಹಾಕಿದೆನಾ?

ಟಿಟಿಕಾಕಾ ಚಳಿ:
ಹಾಳಾಗಿಲ್ಲ. ನಿಮಗೆ ಬಂದಿರುವುದು ಅರ್ಧ ವಾದ್ಯ, ಅಷ್ಟೇ. ನಗಬೇಡಿ, ನಿಜವಾಗಲೂ.

ಸಿಕು ಅಂದರೆ ಜೋಡಿ. ಆರು ಕೊಳವೆಯದ್ದು ಇರಾ, ಏಳು ಕೊಳವೆಯದ್ದು ಆರ್ಕಾ. ಇರಾ ಮುಂದೆ ಹೋಗುತ್ತದೆ, ಆರ್ಕಾ ಹಿಂದೆ ಬರುತ್ತದೆ. ಸ್ವರಗಳನ್ನು ಎರಡರ ನಡುವೆ ಒಂದು ಬಿಟ್ಟು ಒಂದು ಹಂಚಿರುತ್ತಾರೆ. ನಿಮ್ಮ ಇರಾದಲ್ಲಿ ಇಲ್ಲದ ಸ್ವರಗಳೆಲ್ಲ ಆರ್ಕಾದಲ್ಲಿ ಇರುತ್ತವೆ: ಡಿ, ಎಫ್ ಶಾರ್ಪ್, ಎ, ಸಿ, ಇ, ಜಿ, ಬಿ. ಕೆಲವುದರ ಹೆಸರು ಒಂದೇ ಇದ್ದರೂ ಸ್ಥಾಯಿ ಬೇರೆ. ಎರಡನ್ನೂ ಇಬ್ಬರು ಎದುರುಬದುರು ನಿಂತು ಊದಬೇಕು. ಒಬ್ಬ ಒಂದು ಸ್ವರ, ಮತ್ತೊಬ್ಬ ಮುಂದಿನ ಸ್ವರ. ಒಂದೇ ಹಾಡು ಇಬ್ಬರ ಬಾಯಿಂದ ಬರುತ್ತದೆ. ಒಬ್ಬನೇ ಕೂತರೆ ಊದಲು ಏನೂ ಇಲ್ಲ.

ಹಿಂದಿನ ಸಾಲು ನೇರ ಊದಲಿಕ್ಕೆ ಅಲ್ಲ. ನೀವು ಮುಂದಿನದನ್ನು ಊದುವಾಗ ಒಂದಿಷ್ಟು ಗಾಳಿ ಅದಕ್ಕೂ ತಾಗುತ್ತದೆ. ತಳ ತೆರೆದಿರುವುದರಿಂದ, ಅಷ್ಟೇ ಉದ್ದದ ಕೊಳವೆಯಾದರೆ ಒಂದು ಸ್ಥಾಯಿ ಮೇಲೆ ಸಣ್ಣಗೆ ಗುಂಯ್ ಅನ್ನುತ್ತದೆ. ಅದು ಬೇಕಂತಲೇ ಇಟ್ಟಿದ್ದು.

ನಾನು ಕೆಲಸದ ಮೇಲೆ ಪೆರುವಿನ ಪುನೋ ಊರಿನಲ್ಲಿ ಒಂದೂವರೆ ವರ್ಷ ಇದ್ದೆ, ಟಿಟಿಕಾಕಾ ಸರೋವರದ ದಡದಲ್ಲಿ. ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರ. ಮೊದಲ ವಾರ ಮೆಟ್ಟಿಲು ಹತ್ತಿದರೇ ಏದುಸಿರು. ಅಲ್ಲಿಯ ಜನ ಕುಣಿಯುತ್ತಾ ಗಂಟೆಗಟ್ಟಲೆ ಸಿಕು ಊದುತ್ತಾರೆ. ಸ್ವರ ಹಂಚಿಕೊಳ್ಳುವುದರಿಂದ ನಡುವೆ ಉಸಿರು ಎಳೆದುಕೊಳ್ಳಲು ಜಾಗ ಸಿಗುತ್ತದೆ ಅನ್ನುವವರಿದ್ದಾರೆ. ಆದರೆ ಅದೊಂದೇ ಕಾರಣ ಅಂತ ನನಗೆ ಅನಿಸಿಲ್ಲ.

ಊದುಗೊಳವೆ:
ಅಯ್ಯೋ! ಹಾಗಾದರೆ ನಾನು ಕೇಳುವ ವಿಡಿಯೋಗಳಲ್ಲಿ ಒಬ್ಬನೇ ಊದುತ್ತಾನಲ್ಲ? ಗರಿ ಟೋಪಿ ಹಾಕಿಕೊಂಡು, ಹಿಂದೆ ಜಲಪಾತ, ಹದ್ದು.

ಹಳೇ ಟೇಪು:
ಅದರಲ್ಲಿ ಮೂರು ಊರಿನ ಕಥೆ ಕಲಸಿಹೋಗಿದೆ. ಸಿನಿಮಾ ಸಂಗೀತದಲ್ಲಿ, ಮಲಗುವಾಗ ಕೇಳುವ ಧ್ವನಿಸುರುಳಿಗಳಲ್ಲಿ ನಾವು ಕೇಳಿರುವ ನಯವಾದ ಪ್ಯಾನ್ ಪೈಪ್, ಅಂದರೆ ಸಾಲು ಕೊಳವೆಯ ವಾದ್ಯ, ಎಷ್ಟೋ ಸಲ ರೊಮೇನಿಯಾದ ನಾಯ್. ಗಿಯೋರ್ಗೆ ಜಾಂಫಿರ್ ಅದನ್ನು ಲೋಕಕ್ಕೆಲ್ಲ ಮುಟ್ಟಿಸಿದವರು. ಅದಕ್ಕೂ ಪೆರು, ಬೊಲಿವಿಯಾ ಕಡೆಯ ಆಂಡೀಸ್ ಬೆಟ್ಟಸಾಲಿಗೂ ಸಂಬಂಧವಿಲ್ಲ. ಎಕ್ವಡಾರ್‌ನಲ್ಲಿ ರೊಂಡಡೋರ್ ಅಂತ ಒಂದಿದೆ, ಅದನ್ನು ಒಬ್ಬನೇ ಊದುತ್ತಾನೆ, ಪಕ್ಕಪಕ್ಕದ ಎರಡು ಕೊಳವೆ ಒಟ್ಟಿಗೆ ನುಡಿಯುತ್ತವೆ. ಯುರೋಪಿನ ಬೀದಿಗಳಲ್ಲಿ ಊದಿದವರಲ್ಲಿ ಆ ದೇಶದ ಓತವಾಲೋ ಊರಿನ ಕಿಚ್ವಾ ಜನಾಂಗದ ಹುಡುಗರು ಬಹಳ ಜನ. ಇನ್ನು ಗರಿ ಟೋಪಿ ಅಂತೂ ಉತ್ತರ ಅಮೆರಿಕದ ಬಯಲು ಸೀಮೆಯ ಜನರದ್ದು. ಗಿರಾಕಿ ಕೇಳಿದ್ದನ್ನು ಹಾಕಿಕೊಂಡರು, ಪಾಪ.

ಇರಾ, ಆರ್ಕಾ ಎರಡನ್ನೂ ಒಟ್ಟಿಗೆ ಹಿಡಿದು ಒಬ್ಬನೇ ಊದುವುದು ಬೊಲಿವಿಯಾ, ಪೆರುವಿನ ನಗರದ ತಂಡಗಳಲ್ಲೂ ಇದೆ. 1960ರ ದಶಕದಲ್ಲಿ ಬೊಲಿವಿಯಾದ ಲಾ ಪಾಸ್‌ನಲ್ಲಿ ಲಾಸ್ ಖೈರಾಸ್ ಅನ್ನುವ ತಂಡ ಬಂತು. ಚರಾಂಗೊ ಅನ್ನುವ ಪುಟ್ಟ ತಂತಿವಾದ್ಯ, ಗಿಟಾರು, ಕೇನಾ ಕೊಳಲು, ಬೊಂಬೊ ಚರ್ಮವಾದ್ಯ, ನಾಲ್ಕೈದು ಜನ, ವೇದಿಕೆ, ಮೈಕು. ಕೇನಾ ಊದುತ್ತಿದ್ದವರು ಸ್ವಿಟ್ಜರ್ಲೆಂಡಿನ ಗಿಲ್ಬರ್ಟ್ ಫಾವ್ರ್. ಚರಾಂಗೊ ಎರ್ನೆಸ್ಟೊ ಕಾವೂರ್ ಅವರದ್ದು. ನಾವೆಲ್ಲ 'ಆಂಡೀಸ್ ಸಂಗೀತ' ಅಂತ ಕೇಳುವುದು ಹೆಚ್ಚುಕಮ್ಮಿ ಆ ಅಚ್ಚಿನದು. ಹಳ್ಳಿಯಲ್ಲಿ ಹಾಗಲ್ಲ. ಅಲ್ಲಿ ಒಂದು ಊರಿನ ತಂಡ ಅಂದರೆ ಎಲ್ಲರ ಕೈಯಲ್ಲೂ ಒಂದೇ ಜಾತಿಯ ವಾದ್ಯ. ಹಳ್ಳಿಯ ದನಿಮುದ್ರಣ ಹುಡುಕಿ ಕೇಳಿ. ಮೊದಲ ಸಲ ಕಿವಿಗೆ ಒರಟು ಅನಿಸುತ್ತದೆ.

ಗಮಕ ಪ್ರಿಯೆ:
ನಾನು ಕರ್ನಾಟಕ ಸಂಗೀತ ಕಲಿತವಳು, ಈ ವಾದ್ಯ ಮುಟ್ಟಿಯೂ ಗೊತ್ತಿಲ್ಲ. ಆದರೆ ನೀವು ಹೇಳಿದ ಸ್ವರಗಳನ್ನು ಬರೆದುಕೊಂಡು ನೋಡಿದೆ. ಎರಡೂ ಸಾಲು ಸೇರಿಸಿದರೆ ಜಿ ಇಂದ ಶಂಕರಾಭರಣ, ಇ ಇಂದ ನಠಭೈರವಿಯ ಸ್ವರಗಳು. ಇದರಲ್ಲಿ ಇ, ಜಿ, ಎ, ಬಿ, ಡಿ ಐದನ್ನು ಮಾತ್ರ ಇಟ್ಟುಕೊಂಡರೆ ಶುದ್ಧ ಧನ್ಯಾಸಿ. ಜಿ ಗೆ ಷಡ್ಜ ಸರಿಸಿದರೆ ಅದೇ ಐದು ಸ್ವರ ಮೋಹನ ಆಗುತ್ತದೆ. ಅವರ ವಾಯ್ನೊ ಅನ್ನುವ ಕುಣಿತದ ಹಾಡುಗಳನ್ನು ಒಂದಿಷ್ಟು ಕೇಳಿದೆ. ಸಾಲಿನ ಮೊದಲು ಮೋಹನದ ಬೆಳಕು, ಸಾಲು ಮುಗಿಯುವಷ್ಟರಲ್ಲಿ ಕೆಳಗಿಳಿದು ಶುದ್ಧ ಧನ್ಯಾಸಿಯಲ್ಲಿ ಕೂರುತ್ತದೆ. ಗ್ರಹಭೇದ ಅಂತ ನಾವು ಕಷ್ಟಪಟ್ಟು ಮಾಡುವುದನ್ನು ಅವರು ಸುಮ್ನೆ ನಡೆದುಕೊಂಡು ಹೋಗುವ ಹಾಗೆ ಮಾಡುತ್ತಾರೆ!

ಆದರೆ ಒಂದು ದೂರು. ಶ್ರುತಿ ಸೇರಲ್ಲ. ಇಪ್ಪತ್ತು ಜನ ಊದುತ್ತಾರೆ, ಒಬ್ಬೊಬ್ಬರದು ಒಂದೊಂದು ಕೂದಲೆಳೆ ಆಚೆ ಈಚೆ. ನನಗೆ ಹಲ್ಲು ಜುಮ್ಮೆನ್ನುತ್ತದೆ.

ಟಿಟಿಕಾಕಾ ಚಳಿ:
ನಿಮಗೆ ಜುಮ್ಮೆನ್ನಿಸಿದ್ದು ಅವರಿಗೆ ಬೇಕಾದದ್ದು. ಒಂದು ತಂಡಕ್ಕೆ ಬೇಕಾದ ಸಿಕುಗಳನ್ನೆಲ್ಲ ಒಬ್ಬನೇ ಕಸುಬಿನವ ಒಟ್ಟಿಗೆ ಮಾಡಿಕೊಡುತ್ತಾನೆ, ಅದಕ್ಕೆ ತ್ರೋಪಾ ಅನ್ನುತ್ತಾರೆ. ಚೂಲಿ ಚಿಕ್ಕದು, ಮಾಲ್ತಾ ನಡುವಿನದು, ಸಾಂಕಾ ದೊಡ್ಡದು, ಟೋಯೋ ಅಂತೂ ಒಂದು ಮೀಟರ್ ದಾಟುತ್ತದೆ. ಊದುಗೊಳವೆಯವರದ್ದು ಅಳತೆ ನೋಡಿದರೆ ಮಾಲ್ತಾ. ಒಂದೇ ಅಳತೆಯ ಸಿಕುಗಳ ನಡುವೆಯೂ ಶ್ರುತಿ ಒಂದಿಷ್ಟು ಹಿಂದೆಮುಂದೆ ಇರುತ್ತದೆ. ಆಗ ದನಿಗೆ ದಪ್ಪ ಬರುತ್ತದೆ, ಅಲೆಯಾಡುತ್ತದೆ. ಎಲ್ಲವೂ ಗೆರೆ ಎಳೆದ ಹಾಗೆ ಕೂತರೆ ತೆಳ್ಳಗಾಯಿತು ಅನ್ನುತ್ತಾರೆ.

ತಾರ್ಕಾ ಅಂತ ಮರದ ಕೊಳಲೊಂದಿದೆ. ಒಂದೇ ಮರದ ತುಂಡಿನಿಂದ ಕೆತ್ತಿದ್ದು, ಮೂಲೆ ಮೂಲೆಯಾಗಿ ಇರುತ್ತದೆ. ಅದನ್ನು ಜೋರಾಗಿ ಊದಿದರೆ ಒಂದೇ ಕೊಳಲಿನಿಂದ ಎರಡು ದನಿ ಸೀಳಿಕೊಂಡು ಬರುತ್ತದೆ, ಗಂಟಲು ಕಟ್ಟಿದವರ ಹಾಗೆ. ಅಲ್ಲಿಯ ಐಮಾರಾ ಭಾಷೆಯಲ್ಲಿ ಆ ದನಿಯನ್ನು ತಾರಾ ಅನ್ನುತ್ತಾರೆ. ಸಪೂರ ದನಿಗೆ ಕಿವಾ ಅನ್ನುತ್ತಾರೆ. ತಾರ್ಕಾ ಮಾಡುವವನ ಕೈಚಳಕವೆಲ್ಲ ಆ ತಾರಾ ಬರಿಸುವುದರಲ್ಲಿ.

ಅಡ್ಡಪ್ರಶ್ನೆ:
ಚೆನ್ನಾಗಿದೆ. ಆದರೆ ಅಲ್ಲಿಯ ಸಂಗೀತ ಅಂದರೆ ಎಲ್ಲರೂ ಹೇಳುವ ಒಂದು ಮಾತಿದೆ, ಮಳೆಗಾಲಕ್ಕೆ ಒಂದು ವಾದ್ಯ, ಒಣಕಾಲಕ್ಕೆ ಒಂದು ವಾದ್ಯ ಅಂತ. ಸಿಕು ಒಣ ತಿಂಗಳುಗಳದ್ದು, ತಾರ್ಕಾ ಮತ್ತು ಪಿಂಕಿಲ್ಯು ಕೊಳಲು ಮಳೆಯದ್ದು. ಸರಿ. ಪುನೋದಲ್ಲಿ ಕಂದೆಲಾರಿಯಾ ಹಬ್ಬ ಯಾವಾಗ? ಫೆಬ್ರವರಿ. ಅದು ಅಲ್ಲಿಯ ನಡು ಮಳೆಗಾಲ. ಅಲ್ಲಿ ಬೀದಿ ತುಂಬ ಏನು ಊದುತ್ತಾರೆ? ಸಿಕು! ಹಾಗಾದರೆ ಈ ನಿಯಮ ಯಾರಿಗೆ?

ಟಿಟಿಕಾಕಾ ಚಳಿ:
ಒಳ್ಳೇ ಜಾಗದಲ್ಲಿ ಹಿಡಿದಿರಿ. ನಾನೂ ಅಲ್ಲಿದ್ದಾಗ ಇದನ್ನೇ ಕೇಳಿದ್ದೆ. ನಮ್ಮ ಮನೆ ಮಾಲೀಕರ ಉತ್ತರ: "ಪೇಟೆಯಲ್ಲಿ ಆಲೂಗಡ್ಡೆ ಬೆಳೆಯುತ್ತದಾ?"

ಇದು ಹೊಲಕ್ಕೆ ಕಟ್ಟಿದ ನಿಯಮ. ನವೆಂಬರ್ ಮೊದಲಲ್ಲಿ ಸತ್ತವರ ಹಬ್ಬ ಬರುತ್ತದೆ, ಅಲ್ಲಿಂದ ಫೆಬ್ರವರಿ ಮಾರ್ಚ್ ಹೊತ್ತಿನ ಕಾರ್ನಿವಾಲ್ ಹಬ್ಬದವರೆಗೆ ಬೆಳೆ ಹಸಿರಾಗಿರುತ್ತದೆ. ಬೊಲಿವಿಯಾದ ಪೊಟೋಸಿ ಉತ್ತರ ಭಾಗದ, ಕೆಚುವಾ ಭಾಷೆ ಮಾತಾಡುವ ಹಳ್ಳಿಗಳಲ್ಲಿ ಇದನ್ನು ಗಟ್ಟಿಯಾಗಿ ಪಾಲಿಸುತ್ತಾರೆ. ಪಿಂಕಿಲ್ಯು ಮರದ ಕೊಳಲು, ಊದುವ ಮುಂಚೆ ನೀರೋ ಚಿಚಾ ಹೆಂಡವೋ ಸುರಿದು ನೆನೆಸುತ್ತಾರೆ. ಮರ ಉಬ್ಬಿ ಸೀಳು ಮುಚ್ಚಿಕೊಂಡರೆ ಮಾತ್ರ ದನಿ. ಒದ್ದೆ ವಾದ್ಯ, ಒದ್ದೆ ಕಾಲ. ಕಾರ್ನಿವಾಲ್ ಮುಗಿದ ಮೇಲೆ ಅದನ್ನು ಎತ್ತಿಟ್ಟುಬಿಡುತ್ತಾರೆ. ಬೇಡದ ಹೊತ್ತಲ್ಲಿ ತಪ್ಪು ವಾದ್ಯ ಊದಿದರೆ ಆಲಿಕಲ್ಲು ಬಿದ್ದೀತು, ಹಿಮ ಸುರಿದು ಬೆಳೆ ಸುಟ್ಟೀತು ಅನ್ನುವ ಹೆದರಿಕೆ ಇದೆ.

ಪುನೋದ ಕಂದೆಲಾರಿಯಾ ಹಬ್ಬ ಊರು ಕಾಯುವ ಮೇರಿಮಾತೆಯದ್ದು, ಇಗರ್ಜಿಯ ಪಂಚಾಂಗದ್ದು. ಹಳ್ಳಿ ಹಳ್ಳಿಯ ತಂಡಗಳು ಪಂದ್ಯಕ್ಕೆ ಬರುತ್ತವೆ. 2014ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹಾಗಾಗಿ ಊರಿಂದ ಊರಿಗೆ ಲೆಕ್ಕ ಬೇರೆ. ಒಂದೇ ನಿಯಮ ಇಡೀ ಆಂಡೀಸ್‌ಗೆ ಅಂತ ಯಾರಾದರೂ ಬರೆದಿದ್ದರೆ ಅಡ್ಡಪ್ರಶ್ನೆ ಹಾಕಲೇಬೇಕು.

ಅಡ್ಡಪ್ರಶ್ನೆ:
ಆಲೂಗಡ್ಡೆ ಉತ್ತರ ಒಪ್ಪಿದೆ.

ತಂತಿ ಕಡಿದವ:
ಎಲ್ಲರೂ ಗಾಳಿಯಲ್ಲೇ ಇದ್ದೀರಿ, ಸ್ವಲ್ಪ ತಂತಿಗೂ ಬನ್ನಿ. ಸ್ಪೇನಿನವರು ಬರುವ ಮುಂಚೆ ಆಂಡೀಸ್‌ನಲ್ಲಿ ತಂತಿವಾದ್ಯ ಇರಲಿಲ್ಲ. ಕೊಳಲು, ಚರ್ಮವಾದ್ಯ, ಶಂಖ ಇದ್ದವು. ಶಂಖ ಅಂದಾಗ ನಮ್ಮವರ ಕಿವಿ ನಿಮಿರುತ್ತದೆ, ಅಲ್ವಾ? ಪೆರುವಿನ ಚಾವಿನ್ ದೆ ವಾಂತಾರ್ ಗುಡಿಯಲ್ಲಿ 2001ರಲ್ಲಿ 20 ಶಂಖ ಒಟ್ಟಿಗೆ ಸಿಕ್ಕವು, ಕೆತ್ತನೆ ಮಾಡಿದವು, ಊದಿ ಊದಿ ಸವೆದವು. ಸಮುದ್ರ ಎಲ್ಲಿ, ಆ ಬೆಟ್ಟದ ಗುಡಿ ಎಲ್ಲಿ!

ಆಮೇಲೆ ಗಿಟಾರಿನಂಥ ಸ್ಪೇನಿನ ವಿಹುವೆಲಾ ಬಂತು. ಅಲ್ಲಿಯವರು ಅದನ್ನು ಕುಗ್ಗಿಸಿ ಚರಾಂಗೊ ಮಾಡಿಕೊಂಡರು. ಐದು ಜೋಡಿ, ಒಟ್ಟು ಹತ್ತು ತಂತಿ. ಹಿಂದೆ ಚಿಪ್ಪುಹಂದಿಯ ತರಹದ ಕಿರ್ಕಿಂಚೊ ಅನ್ನುವ ಪ್ರಾಣಿಯ ಚಿಪ್ಪಿನಿಂದ ಮಾಡುತ್ತಿದ್ದರು. ಈಗ ಅದಕ್ಕೆ ರಕ್ಷಣೆ ಇದೆ, ಮರದ್ದೇ ಜಾಸ್ತಿ. ನನ್ನ ಸ್ನೇಹಿತನೊಬ್ಬ ಪ್ರವಾಸ ಹೋದವನು ಅಂಗಡಿಯವನ ಮಾತು ನಂಬಿ ಚಿಪ್ಪಿನದ್ದು ತಂದ. ವಿಮಾನ ನಿಲ್ದಾಣದಲ್ಲೇ ಬಿಟ್ಟು ಬಂದ. ಯಾರೂ ತರಬೇಡಿ.

ನನಗೆ ಇಷ್ಟವಾದ ಕಥೆ ಕುಸ್ಕೋ ಪ್ರಾಂತ್ಯದ ಕಾನಾಸ್‌ನದು. ಅಲ್ಲಿಯ ಹುಡುಗರಿಗೆ ಚರಾಂಗೊ ಅಂದರೆ ಹುಡುಗಿ ಒಲಿಸುವ ಸಾಧನ. ತೆಳ್ಳಗಿನ ಉಕ್ಕಿನ ತಂತಿ, ಮೀಟುವುದಕ್ಕಿಂತ ಬಾರಿಸುವುದೇ ಜಾಸ್ತಿ. ವಾದ್ಯದ ತಲೆಯ ಮೇಲೆ ಮತ್ಸ್ಯಕನ್ಯೆಯನ್ನು ಕೆತ್ತಿಸುತ್ತಾರೆ. ಅವಳ ಹೆಸರು ಸಿರೇನಾ. ನೀರಿನ ಬುಗ್ಗೆ ಹತ್ತಿರ, ಜಲಪಾತದ ಹತ್ತಿರ ಇರುತ್ತಾಳಂತೆ. ರಾತ್ರಿ ಅವಳಿಗೆ ಕಾಣಿಕೆ ಇಟ್ಟು ಚರಾಂಗೊ ಅಲ್ಲೇ ಬಿಟ್ಟು ಬರಬೇಕು. ಬೆಳಗ್ಗೆ ಹೋದರೆ ಅವಳು ಶ್ರುತಿ ಮಾಡಿ ಇಟ್ಟಿರುತ್ತಾಳೆ. ಆಮೇಲೆ ಆ ದನಿಗೆ ಯಾವ ಹುಡುಗಿಯೂ ಇಲ್ಲ ಅನ್ನಲ್ಲ! ನನ್ನ ಚರಾಂಗೊ ಹಾಸನದ ಮನೆಯ ನಲ್ಲಿ ಹತ್ತಿರ ಇಟ್ಟು ನೋಡಿದೆ, ತಂತಿಗೆ ತುಕ್ಕು ಹಿಡಿಯಿತು.

ಗಮಕ ಪ್ರಿಯೆ:
ನಕ್ಕು ಸಾಕಾಯಿತು. ಹಾಡುವವರ ಬಗ್ಗೆಯೂ ಹೇಳಿ. ಎಲ್ಲರೂ ಊದುವವರೇ ಆದರೆ ಹೆಂಗಸರು ಎಲ್ಲಿ?

ಹಳೇ ಟೇಪು:
ಹಳ್ಳಿಯಲ್ಲಿ ಊದುವುದು ಹೆಚ್ಚಾಗಿ ಗಂಡಸರ ಕೆಲಸ, ಹಾಡುವುದು, ಕುಣಿಯುವುದು ಹೆಂಗಸರದ್ದು. ಈಗ ನಗರಗಳಲ್ಲಿ ಹೆಂಗಸರದ್ದೇ ಸಿಕು ತಂಡಗಳಿವೆ. ಲೂಸ್ಮಿಲಾ ಕಾರ್ಪಿಯೊ ಅವರನ್ನು ಕೇಳಿ. 1949ರಲ್ಲಿ ಪೊಟೋಸಿಯ ಉತ್ತರದ ಕೆಚುವಾ ಹಳ್ಳಿಯಲ್ಲಿ ಹುಟ್ಟಿದವರು. ದನಿ ಎಷ್ಟು ಮೇಲೆ ಅಂದರೆ ಹಕ್ಕಿ ಎಲ್ಲಿ ಮುಗಿಯಿತು, ಇವರು ಎಲ್ಲಿ ಶುರುವಾದರು ಗೊತ್ತಾಗಲ್ಲ. ಅದು ಅವರೊಬ್ಬರ ಚಮತ್ಕಾರ ಅಲ್ಲ, ಆ ಸೀಮೆಯ ಹೆಂಗಸರೆಲ್ಲ ಹಾಗೇ ಎತ್ತರದಲ್ಲಿ ಹಾಡುತ್ತಾರೆ. 1990ರ ದಶಕದಲ್ಲಿ ಕೆಚುವಾದಲ್ಲಿ ಓದುಬರಹ ಕಲಿಸುವ ಯೋಜನೆಗೆ ಯುನಿಸೆಫ್ ಜೊತೆ ಸೇರಿ ಕ್ಯಾಸೆಟ್ ಮಾಡಿಕೊಟ್ಟರು. ಆಮೇಲೆ ಫ್ರಾನ್ಸ್‌ನಲ್ಲಿ ಬೊಲಿವಿಯಾದ ರಾಯಭಾರಿಯೂ ಆದರು.

ಪೆರುವಿನ ಕಡೆ ಬಂದರೆ ಹೈಮೆ ಗ್ವಾರ್ದಿಯಾ ಅವರ ಚರಾಂಗೊ, ರಾವುಲ್ ಗಾರ್ಸಿಯಾ ಸಾರಾತೆ ಅವರ ಗಿಟಾರು. ಗಾರ್ಸಿಯಾ ಸಾರಾತೆ ಅಯಾಕುಚೋ ಊರಿನವರು, ವಕೀಲಿಕೆ ಓದಿದವರು. ಯರಾವಿ ಅನ್ನುವ ದುಃಖದ ಧಾಟಿ ನುಡಿಸಿದರೆ ತಂತಿ ಅಳುತ್ತದೆ. ಇನ್ನು ಮಾಕ್ಸಿಮೊ ದಾಮಿಯಾನ್ ಅವರ ಪಿಟೀಲು. ಲೇಖಕ ಹೋಸೆ ಮರಿಯಾ ಅರ್ಗೇದಾಸ್ ಇವರ ಆಪ್ತ ಗೆಳೆಯ. 1969ರಲ್ಲಿ ಅರ್ಗೇದಾಸ್ ತೀರಿಕೊಂಡಾಗ ಅಂತ್ಯಸಂಸ್ಕಾರದಲ್ಲಿ ದಾಮಿಯಾನ್ ಪಿಟೀಲು ನುಡಿಸಿದರು. ಆ ಪಿಟೀಲಿಗೆ ಕುಣಿಯುವುದು ಕತ್ತರಿ ಕುಣಿತ. ಕುಣಿಯುವವನ ಒಂದು ಕೈಯಲ್ಲಿ ಎರಡು ಉಕ್ಕಿನ ಅಲಗು, ಕತ್ತರಿಯ ಹಾಗೆ ಟಿಣ್ ಟಿಣ್ ಅನ್ನಿಸುತ್ತಾ ಕುಣಿಯುತ್ತಾನೆ. ಜೊತೆಗೆ ಹಾರ್ಪ್. ನೋಡದಿದ್ದರೆ ಇವತ್ತೇ ನೋಡಿ.

ಮುಂದಿನ ತಲೆಮಾರೂ ಸುಮ್ನೆ ಕೂತಿಲ್ಲ. ಲಾ ಪಾಸ್ ಪಕ್ಕದ ಎಲ್ ಆಲ್ಟೋದಲ್ಲಿ ಐಮಾರಾ ರಾಪ್ ಇದೆ. ಅಯಾಕುಚೋದ ರೆನಾತಾ ಫ್ಲೋರೆಸ್ ಕೆಚುವಾದಲ್ಲಿ ರಾಪ್ ಹಾಡುತ್ತಾಳೆ. ನಿಮ್ಮ ಮನೆ ಹುಡುಗರಿಗೆ ಅಲ್ಲಿಂದ ಶುರುಮಾಡಿಸಿ, ಟೋಯೋ ಆಮೇಲೆ ಬರಲಿ.

ಊದುಗೊಳವೆ:
ನಾನು ಮಲಗುವಾಗ ಕೇಳುವುದರಲ್ಲಿ 'ಎಲ್ ಕೊಂಡೋರ್ ಪಾಸಾ' ಇದ್ದೇ ಇರುತ್ತದೆ. ಅದಾದರೂ ಅಸಲಿ ಇಂಕಾ ಕಾಲದ್ದಾ?

ಹಳೇ ಟೇಪು:
1913ರದ್ದು. ಪೆರುವಿನ ದಾನಿಯೆಲ್ ಅಲೋಮಿಯಾ ರೋಬ್ಲೆಸ್ ಒಂದು ಸಂಗೀತ ನಾಟಕಕ್ಕೆ ಕಟ್ಟಿದ್ದು. ಕಥೆ ಇಂಕಾ ರಾಜರದ್ದಲ್ಲ, ವಿದೇಶಿ ಗಣಿ ಒಡೆಯರ ಕೈಯಲ್ಲಿ ನಲುಗಿದ ಗಣಿ ಕೆಲಸಗಾರರದ್ದು. ಪ್ಯಾರಿಸ್‌ನಲ್ಲಿ ಒಂದು ಆಂಡೀಸ್ ತಂಡ ನುಡಿಸಿದ್ದನ್ನು ಅಮೆರಿಕದ ಗಾಯಕ ಪಾಲ್ ಸೈಮನ್ ಕೇಳಿದರು, ಹಳೇ ಜನಪದ ಅಂದುಕೊಂಡರು, 1970ರಲ್ಲಿ ಇಂಗ್ಲಿಷ್ ಮಾತು ಹಾಕಿ ಹಾಡಿದರು. ರೋಬ್ಲೆಸ್ ಅವರ ಮಗ ಕೇಸು ಹಾಕಿದ ಮೇಲೆ ಅಪ್ಪನ ಹೆಸರು ಸೇರಿತು.

1990ರ ಆಸುಪಾಸು ಕ್ಯಾಸೆಟ್ ಅಂಗಡಿಗಳಲ್ಲಿ ಹರಿದಾಡಿದ ಲಂಬಾಡಾ ಹಾಡು ನೆನಪಿದೆಯಾ? ನಮ್ಮ ಲಂಬಾಣಿಗೂ ಅದಕ್ಕೂ ಏನೂ ಸಂಬಂಧವಿಲ್ಲ, ಆಗ ನಮ್ಮೂರಲ್ಲಿ ಅರ್ಧ ಜನ ಹಾಗೇ ಅಂದುಕೊಂಡಿದ್ದರು. ಅದೂ ಬೊಲಿವಿಯಾದ ಲಾಸ್ ಕಾರ್ಕಾಸ್ ತಂಡ 1981ರಲ್ಲಿ ಮಾಡಿದ ಹಾಡಿನ ಧಾಟಿ, ಕೇಳದೆ ಎತ್ತಿಕೊಂಡದ್ದು. ಅವರೂ ಕೋರ್ಟಿಗೆ ಹೋಗಬೇಕಾಯಿತು. ಬೆಟ್ಟದ ಜನರ ಹಾಡು ಅಂದರೆ ಯಾರದ್ದೂ ಅಲ್ಲ ಅನ್ನುವ ಧೈರ್ಯ ಎಲ್ಲರಿಗೂ.

ಅಡ್ಡಪ್ರಶ್ನೆ:
ಮತ್ತೆ ಹಳ್ಳಿಯ ಸಿಕು ಹಾಡುಗಳು ಯಾರದ್ದು? ಅವನ್ನು ಕಟ್ಟಿದವರ ಹೆಸರು ಇರುತ್ತದಾ?

ಟಿಟಿಕಾಕಾ ಚಳಿ:
ಇದಕ್ಕೆ ಕೊನಿಮಾ ಊರಿನ ವಿಷಯ ಹೇಳಬೇಕು. ಪುನೋ ಪ್ರಾಂತ್ಯದಲ್ಲೇ ಇದೆ, ಬೊಲಿವಿಯಾ ಗಡಿ ಪಕ್ಕ, ಐಮಾರಾ ಮಾತಾಡುವ ಊರು. ಅಲ್ಲಿಯ ಕಾಂತಾತಿ ಉರುರಿ ತಂಡ ಬಹಳ ಹೆಸರುವಾಸಿ. ಹೆಸರಿನ ಅರ್ಥ ಬೆಳ್ಳಿಚುಕ್ಕಿ. ಥಾಮಸ್ ಟುರಿನೋ ಅನ್ನುವ ಅಮೆರಿಕದ ಸಂಶೋಧಕರು 1980ರ ದಶಕದಲ್ಲಿ ಆ ಊರಿನಲ್ಲಿದ್ದು ಸಿಕು ಕಲಿತರು. ಅವರು ದಾಖಲಿಸಿದ ಪದ್ಧತಿ ಕೇಳಿ.

ಹಬ್ಬದ ಹಿಂದಿನ ರಾತ್ರಿ ಎಲ್ಲ ಸೇರುತ್ತಾರೆ. ಒಬ್ಬ ಸಣ್ಣಗೆ ಒಂದು ತುಣುಕು ಊದುತ್ತಾನೆ. ಬೇರೆಯವರಿಗೆ ಹಿಡಿಸಿದರೆ ಅವರೂ ಸೇರಿಕೊಳ್ಳುತ್ತಾರೆ. ಹಿಡಿಸದಿದ್ದರೆ ಚೆನ್ನಾಗಿಲ್ಲ ಅಂತ ಯಾರೂ ಹೇಳಲ್ಲ, ಸುಮ್ನಿರುತ್ತಾರೆ, ಅದು ತಾನಾಗೇ ಬಿದ್ದುಹೋಗುತ್ತದೆ. ಹೀಗೆ ಮೂರು ತುಣುಕು ಸೇರಿ ಒಂದು ಹಾಡಾಗುತ್ತದೆ, ಒಂದೊಂದು ಭಾಗ ಎರಡೆರಡು ಸಲ. ಬೆಳಗಾಗುವಷ್ಟರಲ್ಲಿ ಹಾಡು ತಂಡದ್ದು. ಮೊದಲು ಊದಿದವನ ಹೆಸರು ಯಾರೂ ಎತ್ತಲ್ಲ.

ಪಾಠ ಅಂತಲೂ ಇಲ್ಲ. ಹೊಸಬ ಬಂದರೆ ಪಕ್ಕದಲ್ಲಿ ನಿಂತು ಊದುತ್ತಾನೆ, ತಪ್ಪುತ್ತಾನೆ. ಹಬ್ಬದ ದಿನವೇ ಬಂದು ಸೇರಿದರೂ ಬೇಡ ಅನ್ನಲ್ಲ, ತಪ್ಪಿದ ಅಂತ ಎಲ್ಲರೆದುರು ಬೈಯಲ್ಲ. ಇಪ್ಪತ್ತು ಮೂವತ್ತು ಜನರ ದಪ್ಪ ದನಿಯಲ್ಲಿ ಅವನ ತಪ್ಪು ಮುಳುಗಿಹೋಗುತ್ತದೆ. ಆದರೆ ಒಬ್ಬನ ದನಿ ಎದ್ದು ಕಾಣಿಸಿದರೆ ಅದು ಕೊರತೆ. ಚೆನ್ನಾಗಿ ಊದುತ್ತೀಯ ಅಂತ ಒಬ್ಬನನ್ನು ಹೊಗಳಿದರೆ ಅಲ್ಲಿ ಮುಖ ಬಾಡುತ್ತದೆ, ನಾನು ಹಾಗೆ ಒಮ್ಮೆ ಮಾಡಿ ಪೇಚಿಗೆ ಸಿಕ್ಕಿದ್ದೇನೆ. ಇಡೀ ತಂಡ ಒಂದೇ ವಾದ್ಯದ ಹಾಗೆ ಕೇಳಬೇಕು.

ಗಮಕ ಪ್ರಿಯೆ:
ನಾನು ಹನ್ನೆರಡು ವರ್ಷ ಪಾಠ ಕಲಿತೆ. ತಪ್ಪಿದರೆ ಬೆರಳ ಗಿಣ್ಣಿಗೆ ಏಟು. ಇದನ್ನು ಓದಿ ಒಂದು ನಿಮಿಷ ಸುಮ್ನೆ ಕೂತೆ. ಶ್ರುತಿಯ ದೂರು ಮಾತ್ರ ವಾಪಸ್ ತಗೊಳ್ಳಲ್ಲ.

ತಂತಿ ಕಡಿದವ:
ಇನ್ನೊಂದು ಸಣ್ಣ ಸುದ್ದಿ. ಲಾ ಪಾಸ್‌ನಲ್ಲಿ ಇದೇ ವಾದ್ಯಗಳನ್ನು ಇಟ್ಟುಕೊಂಡು ಹೊಸ ಸಂಗೀತ ಮಾಡುವ ವಾದ್ಯವೃಂದವಿದೆ, 1980ರಲ್ಲಿ ಸೆರ್ಜಿಯೊ ಪ್ರುದೆನ್ಸಿಯೊ ಶುರುಮಾಡಿದ್ದು. ಆ ತಂಡ 2020ರ ಮಾರ್ಚ್‌ನಲ್ಲಿ ಕಾರ್ಯಕ್ರಮಕ್ಕೆ ಜರ್ಮನಿಗೆ ಹೋಗಿ, ಕೊರೋನಾದಿಂದ ವಿಮಾನ ನಿಂತು, ಬರ್ಲಿನ್‌ನ ಉತ್ತರಕ್ಕಿರುವ ರೈನ್ಸ್‌ಬರ್ಗ್ ಅರಮನೆಯ ಆವರಣದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿತು. ಸುತ್ತ ಕಾಡು, ತೋಳ. ಪ್ರಷ್ಯಾದ ಫ್ರೆಡೆರಿಕ್ ದೊರೆ ಯುವರಾಜನಾಗಿದ್ದಾಗ ಕೊಳಲು ಊದಿದ ಅರಮನೆ ಅದು. ಇವರು ಅಲ್ಲೇ ಕೂತು ಸಿಕು, ತಾರ್ಕಾ ಅಭ್ಯಾಸ ಮಾಡಿದರು. ದೊರೆಯ ದೆವ್ವ ಏನೆಂದುಕೊಂಡಿತೋ.

ಊದುಗೊಳವೆ:
ಸರಿ, ವಾಪಸ್ ಕಳಿಸುವ ಯೋಚನೆ ಬಿಟ್ಟೆ. ಆರ್ಕಾ ಒಂದನ್ನೇ ತರಿಸಬಹುದಾ?

ಟಿಟಿಕಾಕಾ ಚಳಿ:
ತರಿಸಿದರೂ ನಿಮ್ಮ ಇರಾ ಜೊತೆ ಶ್ರುತಿ ಕೂಡಲ್ಲ, ಜೋಡಿಯಾಗಿ ಮಾಡಿದ್ದಲ್ಲವಲ್ಲ. ಮನೆಯಲ್ಲೇ ಮಾಡಿ. ಅರ್ಧ ಇಂಚಿನ ಪಿವಿಸಿ ಪೈಪು ಸಾಕು. ಒಂದು ತುದಿ ಮುಚ್ಚಿದ ಕೊಳವೆಗೆ ಉದ್ದದ ಲೆಕ್ಕ ಸುಲಭ: 8,575 ಅನ್ನು ಬೇಕಾದ ಸ್ವರದ ಹರ್ಟ್ಸ್‌ನಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. ಕೆಳಗಿನ ಡಿ ಗೆ 29.2, ಎಫ್ ಶಾರ್ಪ್‌ಗೆ 23.2, ಎ ಗೆ 19.5, ಸಿ ಗೆ 16.4, ಇ ಗೆ 13, ಜಿ ಗೆ 10.9, ಬಿ ಗೆ 8.7. ಇದು ಒಳಗಿನ ಆಳ. ನಿಜವಾಗಿ ಅರ್ಧ ಸೆಂಟಿಮೀಟರ್‌ನಷ್ಟು ಕಡಿಮೆ ಬೇಕಾಗುತ್ತದೆ, ಆದರೂ ಮೊದಲು ಕತ್ತರಿಸಬೇಡಿ. ಒಳಗೆ ಒಂದೊಂದೇ ಅಕ್ಕಿಕಾಳು ಹಾಕಿ, ಶ್ರುತಿ ಏರುತ್ತಾ ಬರುತ್ತದೆ. ಅಲ್ಲಿಯವರೂ ಕಾಳು ಹಾಕಿಯೇ ಸರಿಮಾಡುತ್ತಾರೆ. ಟ್ಯೂನರ್ ಪಕ್ಕಕ್ಕಿಡಿ, ನಿಮ್ಮ ಇರಾಗೆ ಹೊಂದಿಸಿ.

ಊದುಗೊಳವೆ:
ಹನ್ನೊಂದು ದಿನದ ಮೇಲೆ ಬಂದೆ. ಪ್ಲಂಬಿಂಗ್ ಅಂಗಡಿಯಲ್ಲಿ ಪೈಪು, ಮುಚ್ಚಳ, ಒಟ್ಟು 140 ರೂಪಾಯಿ. ಸಿ ಕೊಳವೆ ಎರಡು ಸಲ ಕೆಟ್ಟಿತು. ಎದುರು ಮನೆಯ ನಿವೃತ್ತ ಮೇಷ್ಟ್ರನ್ನು ಹಿಡಿದು ಆರ್ಕಾ ಅವರ ಕೈಗೆ ಕೊಟ್ಟೆ. ಮೊದಲ ದಿನ ಇಬ್ಬರಿಗೂ ತಲೆ ಸುತ್ತಿತು. ನಾನು ಮುಂದೆ ಓಡಿಬಿಡುತ್ತೇನೆ, ಅವರು ಕಾಯುತ್ತಾ ಕೂರುತ್ತಾರೆ. ನಿನ್ನೆ ಸಂಜೆ ಐದು ಸ್ವರದ ಒಂದು ಸಾಲು ತಪ್ಪದೆ ಮೂರು ಸಲ ಬಂತು. ಮೇಷ್ಟ್ರು ಬಾಯಿ ಒರೆಸಿಕೊಂಡು, "ಈಗ ಊದಿದ್ದು ನೀನೋ ನಾನೋ?" ಅಂದರು.

ಮನೆಯವಳು ಕಿಟಕಿ ಹಾಕಿಕೊಂಡಳು, ಅದು ಬೇರೆ ವಿಷಯ. ಟೋಯೋಗೆ ಎಷ್ಟು ಇಂಚಿನ ಪೈಪು ಬೇಕು, ಗೊತ್ತಿದ್ದವರು ಹೇಳಿ.